ಹೊತ್ತದ್ದನ್ನು ಇಳಿಸುವ ಕೊಕ್ಕೆ

ಶಿವಮೊಗ್ಗೆಯಿಂದ ಶಿಕಾರಿಪುರದ ಕಡೆಗೆ ಹೊರಡುವ ಸವಳಂಗ ರಸ್ತೆಯಲ್ಲಿ, ಪೇಟೆಯ ಗದ್ದಲ ಹಿಂದೆ ಸರಿಯುತ್ತಿರುವಂತೆಯೇ, ನವಿಲೆಯ ಬಳಿ ಎರಡು ವಿದ್ಯಾಸ್ಥಾನಗಳು ಎದುರಾಗುತ್ತವೆ. 1980ರಲ್ಲಿ ಸ್ಥಾಪಿತವಾದ ಜವಾಹರಲಾಲ್ ನೆಹರೂ ರಾಷ್ಟ್ರೀಯ ಇಂಜಿನಿಯರಿಂಗ್ ಕಾಲೇಜು ಒಂದು. 2012ರಲ್ಲಿ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯ ಹುಟ್ಟಿದಾಗ ಅದಕ್ಕೆ ನೆಲೆಯಾದ ಕೃಷಿ ಕಾಲೇಜು ಇನ್ನೊಂದು. ಯಂತ್ರವನ್ನು ಕಲಿಸುವ ಮನೆಯೂ ಮಣ್ಣನ್ನು ಕಲಿಸುವ ಮನೆಯೂ ಹೀಗೆ ನೆರೆಹೊರೆಯಾಗಿರುವ ರಸ್ತೆಯಲ್ಲಿ ವಿಚಾರಮಾಡುವುದಕ್ಕೆ ತಕ್ಕ ವಿಷಯವೊಂದುಂಟು: ಹವ್ಯಾಸಕ್ಕಾಗಿ ಹಾರಿಸುವ ಪುಟ್ಟ ಡ್ರೋನು ತಾನು ಹೊತ್ತ ಹೊರೆಯನ್ನು ಬೇಕೆಂದಾಗ ಕಳಚಿ ಇಳಿಸುವಂತೆ ಮನೆಯಲ್ಲಿಯೇ ಒಂದು ಕೊಕ್ಕೆಯನ್ನು ಮಾಡಿಕೊಳ್ಳುವುದು ಹೇಗೆ, ಮತ್ತು ಮಾಡಿಕೊಂಡ ಮೇಲೆ ಅದರಿಂದ ಏನನ್ನು ಇಳಿಸುವುದು ಯುಕ್ತ.

ನಮ್ಮ ನಾಡಿಗೆ ಈ ವಿಷಯ ಅಪರಿಚಿತವೇನೂ ಅಲ್ಲ. 2021ರ ಜೂನ್ ತಿಂಗಳಿನಲ್ಲಿ ಬೆಂಗಳೂರಿನ ಥ್ರಾಟಲ್ ಏರೋಸ್ಪೇಸ್ ಸಿಸ್ಟಮ್ಸ್ ಸಂಸ್ಥೆಯು ನಾರಾಯಣ ಹೆಲ್ತ್ ಸಂಸ್ಥೆಯ ಸಹಯೋಗದಿಂದ, ಹಾರಿಸುವವನ ಕಣ್ಣಳತೆಯನ್ನು ಮೀರಿ ಔಷಧವನ್ನು ಹೊತ್ತೊಯ್ಯುವ ಡ್ರೋನುಗಳ ಪರೀಕ್ಷೆಯನ್ನು ಗೌರಿಬಿದನೂರಿನಲ್ಲಿ ಆರಂಭಿಸಿತು. ಅದಕ್ಕೂ ಮೊದಲು, 2016ರಲ್ಲಿ, ಆಫ್ರಿಕದ ರುವಾಂಡ ದೇಶದಲ್ಲಿ ಜಿಪ್‌ಲೈನ್ ಎಂಬ ಸಂಸ್ಥೆ ದೂರದ ಆಸ್ಪತ್ರೆಗಳಿಗೆ ರಕ್ತದ ಚೀಲಗಳನ್ನು ಕಾಗದದ ಪ್ಯಾರಾಚೂಟಿಗೆ ಕಟ್ಟಿ ಆಕಾಶದಿಂದಲೇ ಇಳಿಸತೊಡಗಿತ್ತು. ಇವೆಲ್ಲ ಧನಬಲವೂ ತಜ್ಞರ ಬಲವೂ ಇರುವವರ ಕಾರ್ಯ. ಆದರೆ ಇವುಗಳ ಹೊಟ್ಟೆಯಲ್ಲಿ ಅಡಗಿರುವ ತತ್ತ್ವ ಹದಿನೆಂಟರ ಹುಡುಗನೊಬ್ಬನಿಗೂ ಎಟುಕುವಂಥದು.

ಆ ತತ್ತ್ವವನ್ನು ಹೀಗೆ ವಿವರಿಸಬಹುದು. ಆಟಿಕೆಯ ವಿಮಾನಗಳ ರೆಕ್ಕೆಯಂಚಿನ ಪಟ್ಟಿಗಳನ್ನು ಹೊರಳಿಸುವುದಕ್ಕೆ ಬಳಸುವ ಸರ್ವೋ ಎಂಬ ಪುಟ್ಟ ಮೋಟಾರು, ಅತಿ ಚಿಕ್ಕದಾದರೆ ಸುಮಾರು 9 ಗ್ರಾಂ ತೂಗತಕ್ಕದ್ದು, ಸಾಮಾನ್ಯ ಮೋಟಾರಿನಂತೆ ಗರಗರನೆ ಸುತ್ತದೆ, ಆಜ್ಞೆಯಾದ ಕೋನಕ್ಕೆ ಹೊರಳಿ ಅಲ್ಲಿಯೇ ಬಿಗಿಯಾಗಿ ನಿಲ್ಲುತ್ತದೆ. ಅದರ ತೋಳಿಗೆ ಸೈಕಲ್ ಕಡ್ಡಿಯ ತುಂಡೊಂದನ್ನು ಸಿಕ್ಕಿಸಿ, ಆ ಕಡ್ಡಿ ಡ್ರೋನಿನ ತಳಕ್ಕೆ ಬಿಗಿದ, ತೂತುಳ್ಳ ಎರಡು ಕಿವಿಗಳ ನಡುವೆ ಅಗುಳಿಯಂತೆ ಸರಿದಾಡುವ ಹಾಗೆ ಮಾಡಿ, ಹೊರೆಯ ದಾರದ ಕುಣಿಕೆಯನ್ನು ಆ ಕಡ್ಡಿಗೆ ತೂಗಹಾಕಿದರೆ, ಕಡ್ಡಿ ಹಿಂದಕ್ಕೆ ಸರಿದೊಡನೆ ಕುಣಿಕೆ ಜಾರಿ ಹೊರೆ ಕಳಚಿಕೊಳ್ಳುತ್ತದೆ. ಇಲ್ಲಿ ಗಮನಿಸತಕ್ಕ ಮರ್ಮವೆಂದರೆ, ಹೊರೆಯ ಭಾರವನ್ನು ಹೊರುವವು ಕಿವಿಗಳೂ ಕಡ್ಡಿಯೂ. ಮೋಟಾರಿನ ಪಾಲಿಗೆ ಬರುವುದು ಕಡ್ಡಿಯನ್ನು ಎಳೆಯುವಾಗಿನ ಘರ್ಷಣೆ ಮಾತ್ರ. ಮೊದಲ ಬಾರಿಗೆ ಮಾಡುವವರು ಹೊರೆಯನ್ನು ನೇರವಾಗಿ ಮೋಟಾರಿನ ತೋಳಿಗೇ ನೇತುಹಾಕುತ್ತಾರೆ. ಅಲ್ಲಿ ಮೋಟಾರು ಹಾರಾಟದುದ್ದಕ್ಕೂ ಭಾರದೊಡನೆ ಸೆಣಸಿ ಬಿಸಿಯೇರಿ, ಬ್ಯಾಟರಿಯನ್ನು ತಿಂದು, ಕಡೆಗೆ ಸೋಲುತ್ತದೆ. ಭಾರವನ್ನು ಒಂದು ದಿಕ್ಕಿಗೂ ಚಲನೆಯನ್ನು ಅದಕ್ಕೆ ಅಡ್ಡವಾದ ಇನ್ನೊಂದು ದಿಕ್ಕಿಗೂ ಇಟ್ಟುಕೊಳ್ಳುವುದೇ ಈ ಕೊಕ್ಕೆಯ ಜಾಣತನವೆಲ್ಲ.

ಕೊಕ್ಕೆ ಬಿಡುವುದಕ್ಕಿಂತಲೂ ಹಿಡಿದಿರುವುದು ಮುಖ್ಯವಾದುದು ಎಂಬುದನ್ನು ಕಲಿಯುವವರು ತಡವಾಗಿ ಅರಿಯುತ್ತಾರೆ. ರೇಡಿಯೋ ಸಂಕೇತ ತಪ್ಪಿಹೋದರೆ ಅಗುಳಿ ಯಾವ ಸ್ಥಿತಿಯಲ್ಲಿ ನಿಲ್ಲಬೇಕು? ಮುಚ್ಚಿದ ಸ್ಥಿತಿಯಲ್ಲಿಯೇ ನಿಲ್ಲತಕ್ಕದ್ದು. ಹಾಗೆಂದು ರಿಸೀವರಿನಲ್ಲಿ ಮೊದಲೇ ನಿಗದಿಪಡಿಸಿರಬೇಕು. ಬ್ಯಾಟರಿ ಜೋಡಿಸಿದ ಕ್ಷಣದಲ್ಲಿ ಸರ್ವೋ ತನ್ನಷ್ಟಕ್ಕೆ ಒಮ್ಮೆ ಮಿಸುಕುವುದೂ ಉಂಟು. ಆದುದರಿಂದ ಆ ಮಿಸುಕಾಟ ಮುಗಿದ ತರುವಾಯ, ರೆಕ್ಕೆಗಳು ತಿರುಗದಂತೆ ಭದ್ರಪಡಿಸಿಕೊಂಡೇ ಹೊರೆಯನ್ನು ಸಿಕ್ಕಿಸಬೇಕು. ಹೊರೆ ಡ್ರೋನಿನ ಮಧ್ಯಬಿಂದುವಿಗೆ ಸರಿಯಾಗಿ ಕೆಳಗೆ, ಗಿಡ್ಡ ದಾರದಲ್ಲಿ ತೂಗಬೇಕು. ದಾರ ಉದ್ದವಾದಷ್ಟೂ ಹೊರೆ ಓಲಾಡಿ ಇಡೀ ಯಂತ್ರವನ್ನೇ ಓಲಾಡಿಸುತ್ತದೆ. ಹೊರೆ ಕಳಚಿದ ಕ್ಷಣಾರ್ಧದಲ್ಲಿ ಹಗುರವಾದ ಡ್ರೋನು ಮೇಲಕ್ಕೆ ನೆಗೆಯುವುದು ಸಹಜ. ತಲೆಯ ಮೇಲೆ ಮಾವಿನ ಕೊಂಬೆಯೋ ವಿದ್ಯುತ್ತಿನ ತಂತಿಯೋ ಇದ್ದರೆ ಆ ನೆಗೆತವೇ ಅದರ ಕಡೆಯ ನೆಗೆತವಾದೀತು.

ಕೆಳಗಿರುವವರ ವಿಷಯ ಇನ್ನೂ ಗಹನವಾದುದು. 30 ಮೀಟರ್ ಎತ್ತರದಿಂದ ಬಿಟ್ಟ ವಸ್ತು, ಗಾಳಿಯ ತಡೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಎರಡೂವರೆ ಸೆಕೆಂಡಿಗೆ ನೆಲ ಮುಟ್ಟುತ್ತದೆ. ಮುಟ್ಟುವಾಗ ಅದರ ವೇಗ ಗಂಟೆಗೆ 87 ಕಿಲೋಮೀಟರಿಗೆ ಸಮೀಪವಾಗಿರುತ್ತದೆ. ಅರ್ಧ ಕಿಲೋ ತೂಕದ ಔಷಧದ ಪೊಟ್ಟಣ ಆ ವೇಗದಲ್ಲಿ ಒಬ್ಬರ ನೆತ್ತಿಯ ಮೇಲೆ ಬಿದ್ದರೆ ಔಷಧದ ಅಗತ್ಯ ಬೀಳುವುದು ಅವರಿಗೇ. ಆದುದರಿಂದ ಪೊಟ್ಟಣವನ್ನು ತಲುಪಿಸಬೇಕಾದಲ್ಲಿ ಡ್ರೋನನ್ನೇ ನೆಲಕ್ಕೆ ಮೊಳದಷ್ಟು ಸಮೀಪಕ್ಕೆ ಇಳಿಸಿ ಬಿಡುವುದು, ಇಲ್ಲವೆ ಪುಟ್ಟ ಪ್ಯಾರಾಚೂಟನ್ನು ಕಟ್ಟುವುದು, ಈ ಕೊಕ್ಕೆಗೆ ಇವೆರಡೇ ಮಾರ್ಗ. ಜನರಿರುವ ಬಯಲಿನ ಮೇಲೆ ಯಾವುದನ್ನೂ ಬಿಡಕೂಡದು.

ಹಾಗಾದರೆ ಎತ್ತರದಿಂದಲೇ ಬಿಡಬಹುದಾದದ್ದು ಏನಾದರೂ ಉಂಟೆ? ಬೀಜದುಂಡೆ ಉಂಟು. ಕೆರೆಯ ಗೋಡುಮಣ್ಣನ್ನೂ ಗೊಬ್ಬರವನ್ನೂ ಕಲಸಿ ಒಳಗೆ ಬೀಜವಿಟ್ಟು ನೆರಳಿನಲ್ಲಿ ಒಣಗಿಸಿದ ಈ ಉಂಡೆಗೆ ಕೊಕ್ಕೆ ಸಲ್ಲದು. ತಳದಲ್ಲಿ ತೂತಿರುವ ಡಬ್ಬಿಯೂ, ಸರ್ವೋ ತಿರುಗಿದಾಗಲೆಲ್ಲ ಒಂದೊಂದೇ ಉಂಡೆಯನ್ನು ಆ ತೂತಿಗೆ ತಂದುಕೊಡುವ ಬಿಲ್ಲೆಯೂ ಬೇಕು. 2017ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಇದೇ ಗೌರಿಬಿದನೂರಿನ ಸುತ್ತಣ ಬೋಳು ಗುಡ್ಡಗಳ ಮೇಲೆ ಡ್ರೋನಿನಿಂದ ಬೀಜ ಚೆಲ್ಲುವ ಪ್ರಯೋಗವನ್ನು ಕೈಗೊಂಡಿದ್ದರು. ಬೀಜ ಚೆಲ್ಲಿದ ಮಾತ್ರಕ್ಕೆ ಕಾಡಾಗದು. ಮಳೆ, ಇರುವೆ, ಮೇಯುವ ದನ ಇವೆಲ್ಲ ತಮ್ಮ ಪಾಲನ್ನು ಕೇಳುತ್ತವೆ. ಬೀಜದ ಆಯ್ಕೆಯಲ್ಲಿ ನನ್ನದೊಂದು ಹಟವೂ ಇದೆ: ಭದ್ರಾವತಿಯ ಕಾಗದದ ಕಾರ್ಖಾನೆಗಾಗಿ ಮಲೆನಾಡಿನಲ್ಲಿ ಬೆಳೆಸಿದ ಅಕೇಶಿಯ ಮತ್ತು ನೀಲಗಿರಿಯ ನೆಡುತೋಪುಗಳು ನಮಗೆ ಸಾಲದೆಂಬಂತೆ ಆಕಾಶದಿಂದಲೂ ಅವನ್ನೇ ಬಿತ್ತುವುದು ಬೇಡ, ಹೊಂಗೆ, ನೆಲ್ಲಿ, ಹುಣಸೆ, ಬೇವುಗಳಿಗೆ ಏನು ಬರ?

ಮಲೆನಾಡಿನವರಿಗೆ ಡ್ರೋನಿನಿಂದ ಇಳಿಯಬೇಕಾದ ನಿಜವಾದ ಹೊರೆ ಮಾತ್ರ ಬೇರೆ. ಅದು ಅಡಕೆಗೆ ಹೊಡೆಯುವ ಬೋರ್ಡೋ ದ್ರಾವಣ. ಅಡಕೆಯ ಕೊಳೆರೋಗದ ಮೂಲವನ್ನು ಶೋಧಿಸಿ, 1910ರಲ್ಲಿ ಅದರ ಮೇಲೆ ಗ್ರಂಥವನ್ನು ಪ್ರಕಟಿಸಿದವರು ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್. ಅಲ್ಲಿಯ ತನಕ ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯನ್ನು ಮರೆಮಾಡುತ್ತಿದ್ದ ತೋಟಿಗರು, ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಎಂಬ ಇಂದಿನ ಲೆಕ್ಕಕ್ಕೆ ಬಂದದ್ದು ಆ ಶೋಧದ ತರುವಾಯ. ಆದರೆ ಜಡಿಮಳೆಯ ನಡುವಣ ಹೊಳವಿನಲ್ಲಿ, ಪಾಚಿಗಟ್ಟಿ ಜಾರುವ ಮರವನ್ನೇರಿ ಔಷಧಿ ಹೊಡೆಯುವ ಕೊನೆಗಾರನ ಪಾಡು ಇಂದಿಗೂ ಹಾಗೆಯೇ ಉಳಿದಿದೆ, ಮತ್ತು ಆ ಕೆಲಸಕ್ಕೆ ಬರುವವರು ವರ್ಷವರ್ಷಕ್ಕೆ ವಿರಳರಾಗುತ್ತಿದ್ದಾರೆ. ಅವನ ಬದಲಿಗೆ ಡ್ರೋನು ಬರಲಿ ಎಂದು ಯಾರಾದರೂ ಹಾರೈಸುವುದು ಸಹಜ. ತೊಡಕೇನೆಂದರೆ, ಗೊನೆ ಇರುವುದು ಸೋಗೆಗಳ ಕೆಳಗೆ; ಡ್ರೋನು ಸುರಿಯುವುದು ಸೋಗೆಗಳ ಮೇಲಿನಿಂದ. ಹನಿಗಳಲ್ಲಿ ಬಹುಪಾಲು ಸೋಗೆಗೆ ಅಂಟಿ, ಕಾಯಿಗೆ ತಲುಪುವುದು ಸ್ವಲ್ಪವೇ ಆಗುತ್ತದೆ. ಬಯಲುಸೀಮೆಯ ಭತ್ತಕ್ಕೆ ಒದಗಿದ ಯಂತ್ರ ಅಡಕೆಗೆ ಅದೇ ರೂಪದಲ್ಲಿ ಒದಗಲಾರದು. ಬದಿಯಿಂದ ಗೊನೆಯ ಬುಡಕ್ಕೆ ಚಿಮ್ಮಿಸುವ ನಳಿಗೆಯನ್ನು ಯಾರಾದರೂ ಯೋಚಿಸಬೇಕು. ನವಿಲೆಯ ಎರಡು ಕಾಲೇಜುಗಳ ವಿದ್ಯಾರ್ಥಿಗಳು ಒಂದೇ ಮೇಜಿನ ಸುತ್ತ ಕುಳಿತು ಮಾಡಬಹುದಾದ ಕೆಲಸ ಇದಕ್ಕಿಂತ ಉತ್ತಮವಾದುದು ನನಗೆ ತೋಚದು.

ಇನ್ನು ಕಾಯಿದೆಯ ಮಾತು. 2021ರ ಆಗಸ್ಟ್ 25ರಂದು ಪ್ರಕಟವಾದ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂ ತನಕ ತೂಗುವುದು ನ್ಯಾನೋ, ಅಲ್ಲಿಂದ 2 ಕಿಲೋ ತನಕ ಮೈಕ್ರೋ. ತೂಕವೆಂದರೆ ಹೊರೆಯನ್ನೂ ಸೇರಿಸಿದ ತೂಕ, ಆದುದರಿಂದ ಕೊಕ್ಕೆಗೆ ತಗುಲಿಸಿದ ಪೊಟ್ಟಣವೇ ಡ್ರೋನಿನ ವರ್ಗವನ್ನು ಬದಲಿಸಿಬಿಡಬಹುದು. ನ್ಯಾನೋ ಡ್ರೋನಿಗೂ, ವ್ಯಾಪಾರದ ಉದ್ದೇಶವಿಲ್ಲದ ಮೈಕ್ರೋ ಡ್ರೋನಿಗೂ ಪೈಲಟ್ ಪರವಾನಗಿ ಬೇಡ. ನಕ್ಷೆಯಲ್ಲಿ ಹಸಿರೆಂದು ಗುರುತಿಸಿದ ವಲಯದಲ್ಲಿ 400 ಅಡಿಯವರೆಗೆ ಹಾರಿಸಬಹುದಾದರೂ, ವಿಮಾನ ನಿಲ್ದಾಣದ ಎಲ್ಲೆಯಿಂದ 8 ಕಿಲೋಮೀಟರಿಂದ 12 ಕಿಲೋಮೀಟರಿನವರೆಗಿನ ಪ್ರದೇಶದಲ್ಲಿ ಆ ಎತ್ತರ 200 ಅಡಿಗೆ ಇಳಿಯುತ್ತದೆ. ಅದಕ್ಕೂ ಒಳಗೆ ನಿರ್ಬಂಧಗಳು ಇನ್ನೂ ಬಿಗಿಯಾಗುತ್ತವೆ. 2023ರ ಫೆಬ್ರವರಿ 27ರಂದು ಸೋಗಾನೆಯಲ್ಲಿ ಕುವೆಂಪು ವಿಮಾನ ನಿಲ್ದಾಣ ಉದ್ಘಾಟನೆಯಾದಂದಿನಿಂದ ಶಿವಮೊಗ್ಗ ಮತ್ತು ಭದ್ರಾವತಿಗಳ ಹವ್ಯಾಸಿಗಳಿಗೆ ಈ ಲೆಕ್ಕ ತಪ್ಪದು. ಆದುದರಿಂದ ಕೊಕ್ಕೆ ಎಷ್ಟೇ ಅಚ್ಚುಕಟ್ಟಾಗಿ ಸಿದ್ಧವಾಗಿರಲಿ, ಮನೆಯಿಂದ ಹೊರಡುವ ಮುನ್ನ ಡಿಜಿಟಲ್ ಸ್ಕೈ ಜಾಲತಾಣದ ನಕ್ಷೆಯಲ್ಲಿ ನೀವು ನಿಲ್ಲಲಿರುವ ಬಯಲು ಯಾವ ಬಣ್ಣದಲ್ಲಿದೆಯೆಂದು ನೋಡಿಕೊಳ್ಳಿ.