ಒದೆಯುವಾಗ ನಿಲ್ಲುವುದು ಯಾವ ಕಾಲಿನ ಮೇಲೆ?

ಒಂದು ಸಣ್ಣ ಪ್ರಶ್ನೆ. ತಟ್ಟನೆ ಉತ್ತರ ಹೇಳಬೇಕು, ತಡಮಾಡುವಂತಿಲ್ಲ!

ಬಲಗಾಲಿನಿಂದ ಚೆಂಡು ಒದೆಯುವಾಗ ಮೈಭಾರವೆಲ್ಲ ಎಡಗಾಲಿನ ಮೇಲಿರುತ್ತದೆ. ಸರಿ ತಾನೆ? ಹಾಗಾದರೆ ಒಂದೇ ಕಾಲಿರುವವರು ಒದೆಯುವಾಗ?

ಯೋಚಿಸಿ. ಇರುವ ಒಂದು ಕಾಲು ಚೆಂಡಿನ ಕಡೆಗೆ ಹೋಗಿಬಿಟ್ಟಿದೆ. ಇನ್ನೊಂದು ಇಲ್ಲವೇ ಇಲ್ಲ. ನೆಲಕ್ಕೆ ತಾಗಿರುವುದೇನು?

ಎರಡು ಊರುಗೋಲುಗಳ ತುದಿಯ ರಬ್ಬರು. ಅಷ್ಟೇ! ಇಡೀ ದೇಹ ಎರಡು ಅಂಗೈಗಳ ಮೇಲೆ ಜೋತಾಡುತ್ತಿರುತ್ತದೆ. ಹಿಂದಿನಿಂದ ಬೀಸಿಬಂದ ಕಾಲು ಸೊಂಟದ ಬಲವನ್ನೆಲ್ಲ ಹೊತ್ತು ಚೆಂಡಿಗೆ ಅಪ್ಪಳಿಸುತ್ತದೆ. ಫಟ್! ಮರುಗಳಿಗೆಯಲ್ಲಿ ಅದೇ ಕಾಲು ನೆಲ ಮುಟ್ಟಿ ಓಟ ಶುರುಮಾಡಬೇಕು. ಎದುರಾಳಿ ಆಗಲೇ ಮೈಮೇಲೆ ಬಂದಿರುತ್ತಾನಲ್ಲ!

ಇದು ಆಂಪ್ಯೂಟಿ ಫುಟ್‌ಬಾಲ್. ‘ಅಯ್ಯೋ ಪಾಪ’ ಅನ್ನಲು ಬಾಯಿ ತೆರೆದಿರಾ? ಸ್ವಲ್ಪ ತಡೆಯಿರಿ. ಇಲ್ಲಿ ಪ್ರೇಕ್ಷಕರು ‘ಅಯ್ಯೋ’ ಅನ್ನುವುದು ಕಂಬಕ್ಕೆ ಬಡಿದು ವಾಪಸಾದ ಚೆಂಡಿಗೆ ಮಾತ್ರ.

ಇನ್ನೊಂದು ಪ್ರಶ್ನೆ. ಇವರು ಕೃತಕ ಕಾಲು ಕಟ್ಟಿಕೊಂಡು ಆಡಬಹುದೇ?

ಊಹೂಂ. ಬಿಚ್ಚಿಟ್ಟೇ ಬರಬೇಕು! ಅಗ್ಗದ ಜೈಪುರ ಕಾಲಾಗಲಿ, ಲಕ್ಷಗಟ್ಟಲೆ ಬೆಲೆಯ ಕಾರ್ಬನ್ ಫೈಬರ್ ಕಾಲಾಗಲಿ, ಮೈದಾನದೊಳಕ್ಕೆ ಪ್ರವೇಶವಿಲ್ಲ. ಉಳ್ಳವನಿಗೂ ಇಲ್ಲದವನಿಗೂ ಒಂದೇ ಕಾಲು, ಎರಡು ಊರುಗೋಲು. ಆಟದ ನಿಯಮ ಬರೆದವರ ಜಾಣತನಕ್ಕೆ ನಾನಂತೂ ಇಲ್ಲೇ ಶರಣು!

ಆ ಊರುಗೋಲಾದರೂ ವಿಶೇಷದ್ದೇ? ಅದೂ ಅಲ್ಲ. ಆಸ್ಪತ್ರೆಗಳಲ್ಲಿ ಕೊಡುತ್ತಾರಲ್ಲ, ಮುಂಗೈಗೆ ಪಟ್ಟಿ ಸಿಕ್ಕಿಸಿಕೊಂಡು ಹಿಡಿಕೆ ಹಿಡಿಯುವ ಲೋಹದ ಕೋಲು, ಅಂಥದ್ದೇ. ಆದರೆ ಅದರಿಂದ ಬೇಕಂತಲೇ ಚೆಂಡು ತಡೆದಿರೋ, ಹ್ಯಾಂಡ್‌ಬಾಲ್! ತುಂಡಾಗಿ ಉಳಿದಿರುವ ಕಾಲಿನಿಂದ ಚೆಂಡು ಆಡುವಂತೆಯೂ ಇಲ್ಲ. ತಲಾ 25 ನಿಮಿಷಗಳ ಎರಡು ಅವಧಿ. ಆಫ್‌ಸೈಡ್ ಎಂಬ ತಲೆನೋವೇ ಇಲ್ಲ. ಓಟ, ಓಟ, ಓಟ!

ತಂಡಕ್ಕೆ ಏಳು ಮಂದಿ. ಆರು ಜನರ ವಿಷಯ ಗೊತ್ತಾಯಿತು. ಏಳನೆಯವನು ಗೋಲ್‌ಕೀಪರ್. ಅವನಿಗೆ ಎಷ್ಟು ಕಾಲು?

ಎರಡು! ಇಲ್ಲದಿರುವುದು ಒಂದು ಕೈ. ಐದು ಮೀಟರ್ ಅಗಲದ ಗೋಲನ್ನು ಒಂಟಿ ಕೈಯಲ್ಲಿ ಕಾಯಬೇಕು. ಪೆನಾಲ್ಟಿ ಪ್ರದೇಶ ಬಿಟ್ಟು ಹೊರಗೆ ಬರುವಂತಿಲ್ಲ. ಒಂದು ಕಡೆಗೆ ಹಾರಿದರೆ ಕೈಯಿದೆ, ಇನ್ನೊಂದು ಕಡೆಗೆ ಹಾರಿದರೆ ಇಲ್ಲ! ಎದುರಾಳಿಗೆ ಇದು ಚೆನ್ನಾಗಿ ಗೊತ್ತು. ಗೋಲ್‌ಕೀಪರ್‌ಗೆ ಇನ್ನೂ ಚೆನ್ನಾಗಿ ಗೊತ್ತು. ಅದಕ್ಕೇ ಆತ ನಿಲ್ಲುವ ಜಾಗ ನೋಡಿ, ನಟ್ಟನಡುವೆ ನಿಂತಿರುವುದೇ ಕಡಿಮೆ.

ಕಾಲಿಲ್ಲದವರ ಆಟದಲ್ಲಿ ಕೈಯಿಲ್ಲದವರಿಗೂ ಒಂದು ಜಾಗ! ಈ ಒಂದು ನಿಯಮದ ಬೆಲೆ ತಿಳಿಯಬೇಕಾದರೆ ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್‌ಗೆ ಹೋಗಬೇಕು. 1991ರಿಂದ 2002ರವರೆಗೆ ಅಲ್ಲಿ ಅಂತರ್ಯುದ್ಧ. ಬಂಡುಕೋರರು ಸಾಮಾನ್ಯ ಜನರ ಕೈಗಳನ್ನೇ ಕತ್ತರಿಸಿದ ಯುದ್ಧ ಅದು. ರಾಜಧಾನಿ ಫ್ರೀಟೌನ್‌ನಲ್ಲಿ ಕೈಕಾಲು ಕಳೆದುಕೊಂಡವರಿಗೆಂದೇ ಒಂದು ಶಿಬಿರ. ಯುದ್ಧ ಇನ್ನೂ ಅಧಿಕೃತವಾಗಿ ಮುಗಿದಿರಲಿಲ್ಲ. ಆಗಲೇ, 2001ರಲ್ಲಿ, ಅಲ್ಲಿ ಹುಟ್ಟಿತು ‘ಸಿಂಗಲ್ ಲೆಗ್ ಆಂಪ್ಯೂಟಿ ಸ್ಪೋರ್ಟ್ಸ್ ಅಸೋಸಿಯೇಷನ್’!

ಅಭ್ಯಾಸ ಎಲ್ಲಿ? ಲಮ್ಲಿ ಕಡಲತೀರದ ಮರಳಿನಲ್ಲಿ! ಎರಡು ಗಟ್ಟಿ ಕಾಲಿರುವವರೇ ಮರಳಿನಲ್ಲಿ ನಾಲ್ಕು ಸಲ ಓಡಿದರೆ ಏದುಸಿರು ಬಿಡುತ್ತಾರೆ. ಇವರು ಊರುಗೋಲು ಊರಿ, ಕಿತ್ತು, ಮತ್ತೆ ಊರಿ ಓಡುತ್ತಾರೆ. ನಡುವೆ ಚೆಂಡನ್ನೂ ಆಡುತ್ತಾರೆ!

ಇಷ್ಟಕ್ಕೂ ಈ ಆಟವನ್ನು ಕಂಡುಹಿಡಿದವರು ಯಾರು? ಯಾವುದೋ ಸಮಿತಿ? ವೈದ್ಯರು? ಅಲ್ಲ. ಅಮೆರಿಕದ ಸಿಯಾಟಲ್‌ನ ಡಾನ್ ಬೆನೆಟ್. ದೋಣಿ ಅಪಘಾತದಲ್ಲಿ ಕಾಲು ಕಳೆದುಕೊಂಡವರು. 1980ರಲ್ಲಿ ಒಂದು ದಿನ ಮಗ ಆಡುತ್ತಿದ್ದ ಚೆಂಡು ಇವರತ್ತ ಉರುಳಿಬಂತಂತೆ. ಊರುಗೋಲಿನ ಮೇಲೆ ಮೈ ಎತ್ತಿ ಒದ್ದರಂತೆ. ಆಟ ಹುಟ್ಟಿತು! ಆ ಚೆಂಡು ಫುಟ್‌ಬಾಲೂ ಅಲ್ಲ ಸ್ವಾಮಿ, ಬಾಸ್ಕೆಟ್‌ಬಾಲ್!

ಬೆನೆಟ್ ಅಷ್ಟಕ್ಕೇ ಸುಮ್ಮನಾದರೇ? 1982ರಲ್ಲಿ ಒಂಟಿ ಕಾಲಿನಲ್ಲಿ ರೇನಿಯರ್ ಪರ್ವತ ಹತ್ತಿಬಿಟ್ಟರು. ಎತ್ತರ ಎಷ್ಟು ಗೊತ್ತೇ? 4,392 ಮೀಟರ್! ನಮ್ಮ ಮುಳ್ಳಯ್ಯನಗಿರಿಯ ಎರಡರಷ್ಟಕ್ಕಿಂತಲೂ ಹೆಚ್ಚು.

ಈಗ ನೀವೇ ಒಂದು ತಂಡ ಕಟ್ಟುತ್ತೀರಿ ಅಂದುಕೊಳ್ಳಿ. ಏನೇನು ಬೇಕು? 60 ಮೀಟರ್ ಉದ್ದ, 40 ಮೀಟರ್ ಅಗಲದ ಜಾಗ. ದೊಡ್ಡ ಫುಟ್‌ಬಾಲ್ ಮೈದಾನದ ಅರ್ಧವೂ ಬೇಡ. ಒಂದು ಚೆಂಡು. ಊರುಗೋಲಂತೂ ಆಟಗಾರರ ಹತ್ತಿರವೇ ಇರುತ್ತದೆ. ಒಂದೆರಡು ಜೊತೆ ಹೆಚ್ಚಿಗೆ ಇಟ್ಟುಕೊಳ್ಳಿ, ಮುರಿಯುತ್ತವೆ!

ಕಷ್ಟವಿರುವುದು ಬೇರೆ ಕಡೆ. ಒಂದೇ ಊರಿನಲ್ಲಿ ಏಳು ಜನ ಎಲ್ಲಿ ಸಿಗಬೇಕು? ಅದಕ್ಕೇ ಇಂಥ ತಂಡ ಊರಿನದ್ದಾಗುವುದಕ್ಕಿಂತ ಸೀಮೆಯದ್ದಾಗುವುದೇ ಹೆಚ್ಚು. ಈ ಪಟ್ಟಣದಿಂದ ಇಬ್ಬರು, ಆ ಹಳ್ಳಿಯಿಂದ ಒಬ್ಬ. ಒಬ್ಬನಿಗೆ ರಸ್ತೆ ಅಪಘಾತ, ಇನ್ನೊಬ್ಬನಿಗೆ ಕ್ಯಾನ್ಸರ್, ಮತ್ತೊಬ್ಬ ಹುಟ್ಟಿದ್ದೇ ಹಾಗೆ. ಅವರನ್ನು ಹುಡುಕಬೇಕಾದದ್ದು ಕ್ರೀಡಾಂಗಣದಲ್ಲಲ್ಲ, ಕೃತಕ ಕಾಲು ಕೂರಿಸುವ ಕೇಂದ್ರಗಳಲ್ಲಿ. ಬಸ್ಸಿನ ಖರ್ಚು ಯಾರು ಕೊಡುತ್ತಾರೆ ಎಂಬುದರ ಮೇಲೆ ಒಂದು ತಂಡದ ಹಣೆಬರಹ ನಿಂತಿರಬಹುದು!

ಹೆಣ್ಣುಮಕ್ಕಳು? ಬಂದರು! 2024ರಲ್ಲಿ ಕೊಲಂಬಿಯಾದ ಬರಾಂಕಿಯಾದಲ್ಲಿ ಅವರ ಮೊಟ್ಟಮೊದಲ ವಿಶ್ವಕಪ್ಪೇ ನಡೆಯಿತು. ಬೆನೆಟ್ ಚೆಂಡು ಒದ್ದು 44 ವರ್ಷ ಆದಮೇಲೆ. ತಡವಾಯಿತು, ತೀರಾ ತಡವಾಯಿತು!

ನೋಡುವವರು ಎಷ್ಟು ಜನ ಇದ್ದಾರು? 2017ರ ಅಕ್ಟೋಬರ್, ಇಸ್ತಾಂಬುಲ್. ಯುರೋಪಿಯನ್ ಫೈನಲ್, ಟರ್ಕಿ ಮತ್ತು ಇಂಗ್ಲೆಂಡ್ ನಡುವೆ. ಊಹಿಸಿ. ಐನೂರು? ಐದು ಸಾವಿರ?

40,000ಕ್ಕೂ ಹೆಚ್ಚು! ಬೆಶಿಕ್ತಾಶ್ ಕ್ಲಬ್ಬಿನ ದೊಡ್ಡ ಕ್ರೀಡಾಂಗಣ ಗಿಜಿಗುಡುತ್ತಿತ್ತು. 1–1ರ ಸಮಬಲ. ಪಂದ್ಯ ಮುಗಿಯುತ್ತಾ ಬಂದಾಗ ಟರ್ಕಿಯ ನಾಯಕ ಓಸ್ಮಾನ್ ಚಕ್ಮಾಕ್ ಗೋಲು ಹೊಡೆದರು. 2–1! ಸೈನಿಕನಾಗಿದ್ದಾಗ ನೆಲಬಾಂಬಿಗೆ ಕಾಲು ಕೊಟ್ಟು ಬಂದವರು ಅವರು. ಮುಂದೆ 2022ರಲ್ಲಿ ಅದೇ ಇಸ್ತಾಂಬುಲ್‌ನಲ್ಲಿ ಅಂಗೋಲಾವನ್ನು 4–1ರಿಂದ ಮಣಿಸಿ ಟರ್ಕಿ ವಿಶ್ವಕಪ್ಪನ್ನೂ ಎತ್ತಿಕೊಂಡಿತು.

ಇಷ್ಟು ಹೊತ್ತು ಬಚ್ಚಿಟ್ಟಿದ್ದನ್ನು ಈಗ ಹೇಳುತ್ತೇನೆ. ವರ್ಷದ ಅತಿ ಸುಂದರ ಗೋಲಿಗೆ ಫಿಫಾ ಕೊಡುವುದು ಪುಷ್ಕಾಶ್ ಪ್ರಶಸ್ತಿ. 2022ರ ಸಾಲಿನ ಕೊನೆಯ ಸುತ್ತಿನಲ್ಲಿ ಮೂವರು. ಬ್ರೆಜಿಲ್‌ನ ರಿಚಾರ್ಲಿಸನ್, ಫ್ರಾನ್ಸ್‌ನ ದಿಮಿತ್ರಿ ಪಾಯೆ, ಮತ್ತು ಪೋಲೆಂಡ್‌ನ ಮಾರ್ಚಿನ್ ಒಲೆಕ್ಸಿ. ಗೆದ್ದವರು ಯಾರು?

ಒಲೆಕ್ಸಿ! ಊರುಗೋಲು ಹಿಡಿದ ಒಲೆಕ್ಸಿ! ವಾರ್ತಾ ಪೊಜ್ನಾನ್ ತಂಡದ ಆಟಗಾರ. ಗಾಳಿಯಲ್ಲಿ ಪಾಸ್ ಬರುತ್ತದೆ. ಊರುಗೋಲು ಊರುತ್ತಾರೆ, ಮೈಯನ್ನು ಅಡ್ಡಡ್ಡಲಾಗಿ ಗಾಳಿಗೆ ಎಸೆಯುತ್ತಾರೆ, ಕಾಲು ಕತ್ತರಿಯಂತೆ ಮೇಲೆ ಬೀಸುತ್ತದೆ. ಚೆಂಡು ಬಲೆಯಲ್ಲಿ! ವಿಡಿಯೊ ಸಿಕ್ಕರೆ ನೋಡಿ. ಚೆಂಡನ್ನು ಮರೆತು ಮಣಿಕಟ್ಟುಗಳನ್ನು ನೋಡಿ!

2010ರಲ್ಲಿ ರಸ್ತೆ ಕಾಮಗಾರಿಯ ವೇಳೆ ನಡೆದ ಅಪಘಾತ ಅವರ ಕಾಲನ್ನು ಕಿತ್ತುಕೊಂಡಿತು. ಅದಕ್ಕೂ ಮುಂಚೆ ಅವರು ಫುಟ್‌ಬಾಲ್ ಆಡುತ್ತಿದ್ದರು. ಯಾವ ಜಾಗದಲ್ಲಿ ಎಂದು ಕೇಳಿ.

ಗೋಲ್‌ಕೀಪರ್!