ನಿಮಗಿದು ಗೊತ್ತೆ? ಲಾವಂಚದ ಕಂಪೆಲ್ಲ ಬೇರಿನಲ್ಲಿ

ಲಾವಂಚ ಒಂದು ಹುಲ್ಲು. ಆದರೆ ಎಲೆಯನ್ನು ಎಷ್ಟು ಕಿವುಚಿದರೂ ಆ ಪರಿಮಳ ಸಿಗದು. ಅದೆಲ್ಲ ಇರುವುದು ಮಣ್ಣಿನೊಳಗಿನ ಬೇರಿನಲ್ಲಿ. ಸುಮಾರು ಒಂದೂವರೆ ವರ್ಷ ಬಲಿತ ಬೇರನ್ನು ಅಗೆದು, ತೊಳೆದು, ಒಣಗಿಸಿ ಹಬೆಯಲ್ಲಿ ಬಟ್ಟಿ ಇಳಿಸುತ್ತಾರೆ. ನೂರು ಕಿಲೋ ಬೇರಿಗೆ ಸಿಗುವ ಎಣ್ಣೆ ಹೆಚ್ಚೆಂದರೆ ಒಂದೆರಡು ಕಿಲೋ. ಅದೂ ಬೇಗ ಇಳಿಯುವುದಿಲ್ಲ, ಹಲವು ಗಂಟೆ ಕಾಯಬೇಕು.

ಈ ಎಣ್ಣೆ ನಿಧಾನವಾಗಿ ಆವಿಯಾಗುತ್ತದೆ. ಬೇಗ ಹಾರಿಹೋಗುವ ಇತರ ಸುವಾಸನೆಗಳನ್ನೂ ಹಿಡಿದಿಡುತ್ತದೆ. ಹಾಗಾಗಿಯೇ ಸುಗಂಧ ತಯಾರಕರಿಗೆ ಇದು ಅಚ್ಚುಮೆಚ್ಚು. ಫ್ರಾನ್ಸಿನ ಗೆರ್ಲಾಂ ಸಂಸ್ಥೆ 1959ರಲ್ಲಿ ಲಾವಂಚದ ಹೆಸರಿನಲ್ಲೇ ಒಂದು ಪರ್ಫ್ಯೂಮ್ ತಂದಿತು. ಲಾವಂಚದ ಎಣ್ಣೆಯಲ್ಲಿರುವ ನೂರಕ್ಕೂ ಹೆಚ್ಚು ರಾಸಾಯನಿಕಗಳ ಹದವನ್ನು ಪ್ರಯೋಗಾಲಯದಲ್ಲಿ ಪೂರ್ತಿಯಾಗಿ ಮರುಸೃಷ್ಟಿಸುವುದು ಬಲು ಕಷ್ಟ.

ಉತ್ತರ ಪ್ರದೇಶದ ಕನೌಜಿನಲ್ಲಿ ಈಗಲೂ ತಾಮ್ರದ ಹಂಡೆಗಳಲ್ಲಿ ಇದನ್ನು ಬಟ್ಟಿ ಇಳಿಸುತ್ತಾರೆ. ತಾಮ್ರದ ಸಂಪರ್ಕದಿಂದ ಎಣ್ಣೆಗೆ ಹಸಿರು ಛಾಯೆ ಬರುತ್ತದೆ. ಬೇಸಿಗೆಯ ಖಸ್ ಶರಬತ್ತಿಗೆ ರುಚಿ ಕೊಡುವುದೂ ಲಾವಂಚವೇ. ಅಂಗಡಿಯ ಬಾಟಲಿಯಲ್ಲಿ ಕಾಣುವ ಗಾಢ ಹಸಿರು ಮಾತ್ರ ಸಾಮಾನ್ಯವಾಗಿ ಸೇರಿಸಿದ ಬಣ್ಣ.

ಎಣ್ಣೆಯ ದೊಡ್ಡ ಉತ್ಪಾದಕ ದೇಶ ಹೈಟಿ. ಅಲ್ಲಿ ಇಳಿಜಾರು ಹೊಲಗಳಲ್ಲಿ ಬೇರು ಅಗೆದಾಗ ಮಣ್ಣು ಸಡಿಲಗೊಂಡು ಮಳೆಗೆ ಕೊಚ್ಚಿಹೋಗುವುದು ನಿಜಕ್ಕೂ ನೋವಿನ ಸಂಗತಿ. ಏಕೆಂದರೆ ಅಗೆಯದೆ ಬಿಟ್ಟರೆ ಮೂರು ಮೀಟರಿನಷ್ಟು ಆಳಕ್ಕಿಳಿದು ಮಣ್ಣನ್ನು ಬಿಗಿಯಾಗಿ ಹಿಡಿಯುವುದು ಇದೇ ಬೇರು. ಗುಂಡ್ಲುಪೇಟೆ ಕಡೆಯ ರೈತರು ತಲೆಮಾರುಗಳಿಂದ ಹೊಲದ ಗಡಿಗೆ ಲಾವಂಚ ನೆಡುತ್ತಿದ್ದಾರೆ. ಬದು ಕುಸಿಯುತ್ತಿರುವ ಹೊಲ ನಿಮ್ಮದಾಗಿದ್ದರೆ, ಈ ಮಳೆಗಾಲಕ್ಕೆ ಒಂದು ಸಾಲು ನೆಟ್ಟು ನೋಡಿ.