ಸಾವಿರ ಪದ ಬಾಯಿಪಾಠ ಮಾಡಿದರೆ ಇಂಗ್ಲಿಷ್ ಬಂದುಬಿಡುತ್ತದೆಯೇ?

‘ದಿನಕ್ಕೆ 50 ಪದ ಕಲಿಯಿರಿ, ಒಂದೇ ತಿಂಗಳಲ್ಲಿ ಇಂಗ್ಲಿಷ್ ನಿಮ್ಮದು.’ ಅದರ ಕೆಳಗೇ ಇನ್ನೊಂದು ಸಲಹೆ: ‘ಮನೆಯಲ್ಲಿ ಕನ್ನಡ ನಿಲ್ಲಿಸಿ, ಮಗು ಬೇಗ ಕಲಿಯುತ್ತೆ.’ ಇಂಥ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಪದಗಳ ಪಟ್ಟಿಯಿಂದ ನಷ್ಟವೇನಿಲ್ಲ ಬಿಡಿ. ಆದರೆ ಪದ ಮತ್ತು ವ್ಯಾಕರಣ ಸೇರಿದರೆ ಭಾಷೆ ಮುಗಿಯಿತು ಎನ್ನುವ ಮಾತು ಸುಳ್ಳು. ಅದು ಹೇಗೆ ಸುಳ್ಳು ಎನ್ನುವುದಕ್ಕೆ ಎರಡು ಮದುವೆಗಳ ಕಥೆ ಕೇಳಿ.

1979ರಲ್ಲಿ ಸ್ಟೆಫೆನ್‌ಸನ್, ಜೋಗ್‌ದೇವ್ ಮತ್ತು ಆಂಡರ್ಸನ್ ಎಂಬ ಮೂವರು ಸಂಶೋಧಕರು ಒಂದು ಅಧ್ಯಯನ ಪ್ರಕಟಿಸಿದರು. ಅಮೆರಿಕನ್ನರಿಗೂ ಭಾರತೀಯರಿಗೂ ಎರಡು ಪತ್ರ ಓದಲು ಕೊಟ್ಟಿದ್ದರು. ಒಂದರಲ್ಲಿ ಅಮೆರಿಕದ ಮದುವೆ, ಇನ್ನೊಂದರಲ್ಲಿ ಭಾರತದ ಮದುವೆ. ಎರಡೂ ಇಂಗ್ಲಿಷಿನಲ್ಲೇ ಇದ್ದವು, ಓದಿದವರಿಗೆಲ್ಲ ಇಂಗ್ಲಿಷ್ ಬರುತ್ತಿತ್ತು. ಆದರೂ ಪ್ರತಿಯೊಂದು ಗುಂಪೂ ತನ್ನ ಕಡೆಯ ಮದುವೆಯ ಪತ್ರವನ್ನು ಬೇಗ ಓದಿತು, ಹೆಚ್ಚು ನೆನಪಿಟ್ಟುಕೊಂಡಿತು.

ಅಮೆರಿಕದ ಪತ್ರದಲ್ಲಿ ಮದುಮಗಳು ಅಜ್ಜಿಯ ಮದುವೆ ಗೌನ್ ತೊಟ್ಟಿದ್ದಳು. ಅಲ್ಲಿ ಅದು ಹೆಮ್ಮೆಯ ವಿಷಯ, ಮನೆತನದ ನೆನಪು. ಭಾರತೀಯ ಓದುಗರೊಬ್ಬರಿಗೆ ಮಾತ್ರ ಅದು ಫ್ಯಾಷನ್ ಮುಗಿದ ಹಳೇ ಬಟ್ಟೆಯಾಗಿ ಕಂಡಿತು. ಮದುವೆಗೆ ಹೊಸ ಸೀರೆ ತರುವ ನಾಡಿನವರಿಗೆ ಹಾಗನ್ನಿಸಿದ್ದು ಸಹಜವೇ. ಅತ್ತ ಭಾರತದ ಪತ್ರದಲ್ಲಿ ವರದಕ್ಷಿಣೆ ಬಗ್ಗೆ ಹೆಣ್ಣಿನ ಕಡೆಯವರಿಗಿದ್ದ ಆತಂಕ ಅಮೆರಿಕನ್ನರಿಗೆ ಸರಿಯಾಗಿ ತಲುಪಲಿಲ್ಲ. ಯಾರಿಗೂ ಪದದ ಅರ್ಥ ತಿಳಿಯದೆ ಹೋದದ್ದಲ್ಲ.

ಈಗ ನಮ್ಮ ಶಾಲೆಗೆ ಬನ್ನಿ. ಏಳನೇ ಕ್ಲಾಸಿನ ಹುಡುಗಿಯ ಮುಂದೆ ಹ್ಯಾಲೋವೀನ್ ಬಗ್ಗೆ ಒಂದು ಗದ್ಯಭಾಗ ಇದೆ ಎಂದುಕೊಳ್ಳಿ. ಮಕ್ಕಳು ದೆವ್ವದ ವೇಷ ಹಾಕಿ ಮನೆಮನೆಗೆ ಹೋಗಿ ಮಿಠಾಯಿ ಕೇಳುತ್ತಾರೆ. ಪ್ರತಿ ಪದವೂ ಅವಳಿಗೆ ಗೊತ್ತು. ದೊಡ್ಡವರು ಬೈಯದೆ ನಗುನಗುತ್ತಾ ಮಿಠಾಯಿ ಯಾಕೆ ಕೊಡುತ್ತಾರೆ ಅನ್ನುವುದು ಗೊತ್ತಿಲ್ಲ. ಉತ್ತರ ತಪ್ಪುತ್ತದೆ, ಅಂಕ ಹೋಗುತ್ತದೆ, ‘ಇಂಗ್ಲಿಷಿನಲ್ಲಿ ವೀಕ್’ ಎಂಬ ಹಣೆಪಟ್ಟಿ ಬೀಳುತ್ತದೆ. ಆ ಹಬ್ಬ ಏನೆಂದು ಐದು ನಿಮಿಷ ಹೇಳಿದ್ದರೆ ಸಾಕಿತ್ತು.

ಮಾತಾಡುವಾಗ ತೊಂದರೆ ಇನ್ನೂ ಸೂಕ್ಷ್ಮ. ಕನ್ನಡದಲ್ಲಿ ‘ನೀರು ಕೊಡಿ’ ಎಂದರೆ ಮರ್ಯಾದೆ ಆ ‘ಕೊಡಿ’ಯಲ್ಲೇ ಇದೆ. ‘ಕೊಡು’ ಬೇರೆ, ‘ಕೊಡಿ’ ಬೇರೆ. ಇಂಗ್ಲಿಷ್ ಕ್ರಿಯಾಪದಕ್ಕೆ ಆ ಅನುಕೂಲವಿಲ್ಲ. ಅದನ್ನೇ ಪದಕ್ಕೆ ಪದ ಇಟ್ಟು ‘ಗಿವ್ ಮಿ ವಾಟರ್’ ಎಂದರೆ ವ್ಯಾಕರಣ ಸರಿ, ಕೇಳುವವರಿಗೆ ಮಾತ್ರ ಅಪ್ಪಣೆ ಮಾಡಿದ ಹಾಗೆ. ಅಲ್ಲಿ ‘ಪ್ಲೀಸ್’, ‘ಕುಡ್ ಯೂ’ ಆ ಕೆಲಸ ಮಾಡುತ್ತವೆ. ನಾವು ಮನೆಯಿಂದ ಹೊರಡುವಾಗ ‘ಹೋಗ್ತೀನಿ’ ಅನ್ನದೆ ‘ಬರ್ತೀನಿ’ ಅನ್ನುತ್ತೇವಲ್ಲ, ಅದನ್ನೂ ಹಾಗೇ ಇಂಗ್ಲಿಷಿಗೆ ದಾಟಿಸಿದರೆ ಎದುರಿನವರು ಕಾಯುತ್ತಾ ನಿಲ್ಲಬಹುದು!

ಬ್ರಿಟಿಷ್ ಭಾಷಾಶಾಸ್ತ್ರಜ್ಞೆ ಜೆನ್ನಿ ಥಾಮಸ್ 1983ರಲ್ಲಿ ಇದನ್ನೇ ವಿವರಿಸಿದರು. ವ್ಯಾಕರಣ ತಪ್ಪಿದರೆ ‘ಇವರಿಗೆ ಭಾಷೆ ಅಷ್ಟಾಗಿ ಬರುವುದಿಲ್ಲ’ ಎಂದು ಕೇಳುಗರು ಸುಮ್ಮನಾಗುತ್ತಾರೆ. ಮಾತಿನ ರೀತಿ ತಪ್ಪಿದರೆ ‘ಮನುಷ್ಯನೇ ಒರಟು’ ಎಂದುಕೊಳ್ಳುತ್ತಾರೆ. ಇಂಗ್ಲಿಷ್ ಸರಾಗವಾಗಿ ಬಂದಷ್ಟೂ ಈ ಅಪಾಯ ಹೆಚ್ಚು, ಏಕೆಂದರೆ ಆಗ ಅದು ಭಾಷೆಯ ತಪ್ಪು ಎಂದು ಯಾರಿಗೂ ಹೊಳೆಯುವುದಿಲ್ಲ.

ಹಾಗಾದರೆ ಮನೆಯಲ್ಲಿ ಕನ್ನಡ ನಿಲ್ಲಿಸಬೇಕೇ? ಖಂಡಿತ ಬೇಡ. ಮೊದಲ ಭಾಷೆಯಲ್ಲಿ ಬೆಳೆದ ಓದು, ಯೋಚನೆಯ ಶಕ್ತಿ ಎರಡನೇ ಭಾಷೆಗೂ ಹರಿಯುತ್ತದೆ ಎಂದು ಕೆನಡಾದ ಜಿಮ್ ಕಮಿನ್ಸ್ 1979ರಲ್ಲೇ ವಾದಿಸಿದರು. ಕೆಲವೊಮ್ಮೆ ನಮ್ಮ ಭಾಷೆಯೇ ಏಣಿಯೂ ಆಗುತ್ತದೆ. ಜಪಾನಿ ಭಾಷೆಯನ್ನೇ ನೋಡಿ. ಅಲ್ಲಿ ಅಣ್ಣನಿಗೆ ‘ಅನಿ’, ತಮ್ಮನಿಗೆ ‘ಒತೋತೊ’. ಎಲ್ಲರನ್ನೂ ‘ಬ್ರದರ್’ ಎನ್ನುವ ಇಂಗ್ಲಿಷ್ ಮಗು ಇಲ್ಲಿ ತಡವರಿಸಬಹುದು, ಅಣ್ಣ-ತಮ್ಮ ಎಂದು ಬೆಳೆದ ಕನ್ನಡದ ಮಗುವಿಗೆ ಇದು ಹೊಸದೇ ಅಲ್ಲ. ಕ್ರಿಯಾಪದ ಕೊನೆಗೆ ಬರುವುದೂ ನಮ್ಮಂತೆಯೇ.

ಇದಕ್ಕೆ ಉಲ್ಟಾ ಫಾರ್ವರ್ಡ್ ಕೂಡ ಇದೆ: ಪರಭಾಷೆಯ ಜೊತೆ ಅವರ ಆಚಾರವೂ ಬಂದು ನಮ್ಮದು ಹಾಳಾಗುತ್ತದೆಯಂತೆ. ಮಳೆಯನ್ನು ದೂರ ಹೋಗೆನ್ನುವ ಇಂಗ್ಲಿಷ್ ಶಿಶುಗೀತೆ ಇಂಥ ಸಂದೇಶಗಳಿಗೆ ಅಚ್ಚುಮೆಚ್ಚು. ಆದರೆ ಆ ಹಾಡು ಹುಟ್ಟಿದ್ದು ವರ್ಷವಿಡೀ ತುಂತುರು ಬೀಳುವ ದೇಶದಲ್ಲಿ. ನಾವು ಮಳೆರಾಯನನ್ನು ಕರೆಯುವುದು ಯಾಕೆ, ಅವರು ಕಳಿಸುವುದು ಯಾಕೆ ಎಂದು ತರಗತಿಯಲ್ಲಿ ಕೇಳಿನೋಡಿ. ಭಾಷೆ, ಭೂಗೋಳ ಎರಡೂ ಒಟ್ಟಿಗೆ ಆಗುತ್ತವೆ. ತಿಳಿದುಕೊಳ್ಳುವುದೆಂದರೆ ಪಾಲಿಸುವುದೆಂದಲ್ಲ. ನಮ್ಮ 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಪ್ರೌಢಶಾಲೆಯಲ್ಲಿ ಜಪಾನಿ, ಕೊರಿಯನ್, ಫ್ರೆಂಚ್, ಜರ್ಮನ್‌ನಂಥ ಭಾಷೆಗಳು ಇರಲಿ ಎನ್ನುವಾಗ ಜಗತ್ತಿನ ಸಂಸ್ಕೃತಿಗಳನ್ನು ಅರಿಯುವುದನ್ನು ಒಂದು ಉದ್ದೇಶವಾಗಿ ಹೇಳಿದೆ.

ಮುಂದಿನ ಸಲ ಮಗು ಇಂಗ್ಲಿಷ್ ಗದ್ಯಭಾಗದಲ್ಲಿ ಅಂಕ ಕಳೆದುಕೊಂಡು ಬಂದರೆ, ಪದಗಳ ಪಟ್ಟಿ ಹುಡುಕುವ ಮೊದಲು ಆ ಪಾಠ ತೆಗೆಸಿ. ‘ಇದರಲ್ಲಿ ಇವರು ಹೀಗ್ಯಾಕೆ ಮಾಡ್ತಾರೆ ಅಂತ ಗೊತ್ತಾಯ್ತಾ?’ ಎಂದು ಕನ್ನಡದಲ್ಲೇ ಕೇಳಿ.